ಎಡಗೈ ಗಂಟು

ಮೋಂಜೆಯ ರೈಲು ಹಳಿ ದಾಟಿ ಎಷ್ಟು ದೂರವೆಂದರೆ
ಎರಡು ಮಾವಿನ ಮರದಷ್ಟು. ಅಲ್ಲಿಂದಾಚೆ ಅಮ್ಮನ ಮೆಕ್ಕೆಜೋಳ.
ಮೊಣಕಾಲೆತ್ತರ ಬಂದಿದೆ. ನಸುಕಿನಲ್ಲೇ ಅವಳು
ಒಂದೊಂದು ಸುಳಿಗೂ ಬಾಗಿ
ಚಿಟಿಕೆ ಮರಳು, ಚಿಟಿಕೆ ಬೂದಿ,
ಎಳೆಗೂಸಿನ ನೆತ್ತಿಗೆ ಎಣ್ಣೆ ಇಟ್ಟ ಹಾಗೆ.

ಊರಿಗೆಲ್ಲ ಅವಳು ಬಿನಾ ಲುಯಾಂಡೊ, ಲುಯಾಂಡೊಳ ತಾಯಿ.
ಲುಯಾಂಡೊ ನಾನೇ. ಚಿಲಾಂಗಾದ ಪ್ರಯೋಗಶಾಲೆಯಲ್ಲಿ
ಅವಳು ಹಿಸುಕಿ ಕೊಲ್ಲುವುದನ್ನು
ಸಂಬಳಕ್ಕೆ ಸಾಕುತ್ತೇನೆ.

ಒಂದು ಹುಳುವಿಗೆ ಒಂದು ಸೀಸೆ. ಜೊತೆಗಿಟ್ಟರೆ
ದೊಡ್ಡದು ಚಿಕ್ಕದನ್ನು ತಿಂದು, ಬೆಳಿಗ್ಗೆ ಲೆಕ್ಕ ತಪ್ಪುತ್ತದೆ.
ಹಣೆಯ ಮೇಲೆ ತಲೆಕೆಳಗಾದ ಕವಣೆಕೋಲು,
ಬಾಲದ ಹತ್ತಿರ ನಾಲ್ಕು ಚುಕ್ಕೆ.
ಜೋಳವೂ ಕಡಲಾಚೆಯದು, ಹುಳುವೂ ಕಡಲಾಚೆಯದು.
ಜೋಳ ಮೊದಲು ಬಂದು ನಮ್ಮದಾಯಿತು;
ಹುಳು ನೂರಾರು ವರ್ಷ ತಡವಾಗಿ ಬಂತು,
ಹಳೆಯ ಜಗಳ ಒಂದಿಷ್ಟೂ ಮರೆಯದೆ.

ಕೇಳು ಅಮ್ಮ, ನಿನ್ನ ಜೋಳ ಸುಮ್ಮನೆ ನಿಂತಿಲ್ಲ.
ಎಳೆಯ ಎಲೆಯ ಕೋಣೆಕೋಣೆಯಲ್ಲಿ ನಂಜು ಇಟ್ಟಿದೆ,
ತನಗೇ ತಾಗದಂತೆ ಸಕ್ಕರೆಯ ಹರಳೊಂದನ್ನು
ಅದರ ಬಾಯಿಗೆ ಕಟ್ಟಿ.
ಬಿಚ್ಚುವ ಕೈಯನ್ನು ಬೇರೆ ಕಡೆ ಬಚ್ಚಿಟ್ಟಿದೆ.
ಹುಳು ಕಚ್ಚಿದ ಕ್ಷಣ ನಡುವಿನ ಗೋಡೆ ಕುಸಿದು
ಕೈ ಬಂದು ಗಂಟು ಬಿಚ್ಚುತ್ತದೆ;
ನಂಜು ಬರಿಮೈಯಲ್ಲಿ ಹೊರಗೆ.
ಎಷ್ಟೋ ಕೀಟಗಳು ಅಲ್ಲೇ ಮೇವು ಬಿಡುತ್ತವೆ.

ಇದು ಬಿಡುವುದಿಲ್ಲ.
ಇದರ ಕರುಳಿನಲ್ಲಿ ಇನ್ನೊಂದು ಕೈ ಕಾದಿದೆ.
ಬಿಚ್ಚಿದ ನಂಜನ್ನು ಹಿಡಿದು, ಗೊಣಗದೆ,
ಸಕ್ಕರೆಯನ್ನು ಮತ್ತೆ ಕಟ್ಟುತ್ತದೆ,
ಆದರೆ ಮಗ್ಗುಲು ಬದಲಿಸಿ,
ಕನ್ನಡಿಯಲ್ಲಿ ಕಂಡ ಗಂಟಿನಂತೆ.
ಎಲೆಯೊಡನೆ ಒಳಗೆ ಬಂದ ಗಿಡದ ಕೈ
ತಡಕುತ್ತದೆ, ಎಳೆಯುತ್ತದೆ,
ಬಿಚ್ಚಲಾರದು.
ಬೆಳಿಗ್ಗೆ ಸೀಸೆಯ ತಳದಲ್ಲಿ ಹಿಕ್ಕೆ,
ಹಸಿರು, ಒದ್ದೆ, ಎಣಿಸಿ ಬರೆದುಕೊಳ್ಳುತ್ತೇನೆ.
ಒಳಗೆ ನಂಜು, ಕಟ್ಟಿದ್ದು ಕಟ್ಟಿದ ಹಾಗೆಯೇ.

ರಜೆಗೆ ಹೋದಾಗ ಇದನ್ನೆಲ್ಲ ಹೇಳಿದೆ.
ಮಗ್ಗುಲು ಬದಲಿಸುವ ಮಾತಿಗೆ ಮಾತು ಸಿಗದೆ
ಅಂಗೈ ತಿರುವಿ ತಿರುವಿ ತೋರಿಸಿದೆ.
ಅವಳು ಶೇಂಗಾ ಸುಲಿಯುತ್ತ ಕೇಳಿದಳು. ಆಮೇಲೆ ಎದ್ದು
ಹಿಟ್ಟಿನ ಚೀಲವೊಂದನ್ನು ನನ್ನ ಮುಂದೆ ತಂದಿಟ್ಟಳು:
"ಬಿಚ್ಚು."

ಆಗಲಿಲ್ಲ. ನಾನು ಬಲಗೈಯವಳು.
ಮನೆಯಲ್ಲಿ ಯಾರೂ ಬಿಚ್ಚಿದ್ದಿಲ್ಲ ಆ ಗಂಟು,
ಬಿಯರಿನ ಕಾಸಿಗೆಂದು ರಾತ್ರಿ ಕೈಯಿಟ್ಟ
ಹಾಚೂಂಬ್ವೆ ಮಾವ ಕೂಡ;
ಬೆಳಿಗ್ಗೆ ದಾರದ ಮೇಲೆ ಹಲ್ಲಿನ ಗುರುತು ಮಾತ್ರ.
ಎಡಗೈಯಲ್ಲಿ ಉಂಡಳೆಂದು ಚಿಕ್ಕಂದಿನಲ್ಲಿ
ಅಜ್ಜಿ ಅವಳ ಮಣಿಕಟ್ಟಿಗೆ ಬಟ್ಟೆ ಬಿಗಿದು ಕೂರಿಸಿದ್ದಳಂತೆ.
ಮಂದಿಯ ಮುಂದೆ ಕೈ ತಣ್ಣಗಾಯಿತು.
ಗಂಟು ಕಲಿತದ್ದು ಕತ್ತಲೆಯಲ್ಲಿ.

"ಹುಳುವೂ ಎಡಚ ಅನ್ನು," ಅಂದಳು.
ನಗಲಿಲ್ಲ. ಸಿಟ್ಟೂ ಇರಲಿಲ್ಲ.

ಮರುದಿನ ಮತ್ತೆ ಮರಳು, ಮತ್ತೆ ಬೂದಿ.
ಸುಳಿಯೊಂದರಿಂದ ಹುಳು ಹೆಕ್ಕಿ
ಈ ಸಲ ಬೆಳಕಿಗೆ ಹಿಡಿದಳು,
ಕವಣೆಯಿದ್ದ ಹಣೆಯನ್ನು ಕಣ್ಣು ಕಿರಿದಾಗಿಸಿ ನೋಡಿದಳು,
ಎಡಗೈ ಹೆಬ್ಬೆರಳಲ್ಲಿ ಒತ್ತಿದಳು.

ನಾನು ಹೊರಟೆ. ಕಾಲ ಬಳಿ ಹತ್ತು ಕಿಲೋ ಹಿಟ್ಟು,
ಚೀಲದ ಬಾಯಿಗೆ ಅವಳ ಗಂಟು.
ಬಸ್ಸಿನಲ್ಲಿ ಎರಡು ಸಲ ಉಗುರು ಹಾಕಿ ನೋಡಿದೆ.
ಚಿಲಾಂಗಾ ತಲುಪಿ, ದೀಪ ಹಚ್ಚಿ,
ಕತ್ತರಿ ಹುಡುಕಿದೆ.